ಕೈ ಬಿಡು ಅಂದವರು ಯಾರು?

ಶಕುನ, ಕಣಿ, ಸತ್ತವರು ಕನಸಿನಲ್ಲಿ ಬಂದು ಹೇಳಿಹೋಗುವುದು, ಇವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವ ದಳದಲ್ಲಿ. ಬ್ಯಾರಕ್ಕಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ ಮೊದಲು ನಗುತ್ತಿದ್ದವನು ನಾನೇ. ಹಾಗೆ ನಕ್ಕವನಿಗೇ ಹೀಗಾಯಿತು ಅಂತ ಹೇಳಿಕೊಳ್ಳಲು ಈಗಲೂ ಸ್ವಲ್ಪ ಮುಜುಗರ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೆ ಹೇಗನ್ನಿಸುತ್ತದೋ ಹಾಗೆ ತಿಳಿದುಕೊಳ್ಳಿ.

ನಮ್ಮದು ಗೆಂಡೆಹಳ್ಳಿ ಕಡೆಯ ಒಂದು ಸಣ್ಣ ಊರು. ನನಗೆ ಆರು ವರ್ಷವಿದ್ದಾಗ ಅಮ್ಮ ತೀರಿಕೊಂಡರು. ಆಗ ಹದಿಮೂರು ವರ್ಷದ ನನ್ನ ಅಕ್ಕ ಗೌರಕ್ಕನೇ ನನ್ನನ್ನು ಮೀಯಿಸಿ, ಉಣಿಸಿ, ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದಳು. ತಪ್ಪು ಮಾಡಿದರೆ ಬೆನ್ನಿಗೆ ಗುದ್ದುತ್ತಿದ್ದವಳೂ ಅವಳೇ. ಮುಂದೆ ಅವಳನ್ನು ಹಳೇಬೀಡಿನ ಪಕ್ಕದ ಹುಲಿಕೆರೆಗೆ ಮದುವೆ ಮಾಡಿಕೊಟ್ಟರು. ನಾನು ಸೈನ್ಯ ಸೇರಿದಾಗ ಅವಳು ಎರಡು ದಿನ ಊಟ ಬಿಟ್ಟಿದ್ದಳು ಅಂತ ಭಾವ ಹೇಳಿದರು. ಅದಕ್ಕೇ, ಜಿಗಿಯುವ ದಳಕ್ಕೆ ನಾನಾಗಿ ಹೆಸರು ಕೊಟ್ಟಾಗ ಅವಳಿಗೆ ನಿಜ ಹೇಳಲಿಲ್ಲ. "ಸ್ಟೋರ್ ಡ್ಯೂಟಿ ಅಕ್ಕ. ಕಂಬಳಿ, ಬೂಟು ಕೊಡೋ ಕೆಲಸ" ಅಂದೆ. ಫೋಟೋದಲ್ಲಿ ಎದೆಯ ಮೇಲಿದ್ದ ರೆಕ್ಕೆಯ ಬಿಲ್ಲೆ ನೋಡಿ ಅದೇನು ಅಂತ ಕೇಳಿದಳು. ಎಲ್ಲರಿಗೂ ಕೊಡುತ್ತಾರೆ ಅಂದುಬಿಟ್ಟೆ. ಆರೇಳು ವರ್ಷ ಆ ಸುಳ್ಳು ನಡೆಯಿತು.

ವಿಮಾನದಿಂದ ಜಿಗಿಯುವವರಿಗೆ ಭಯವಿಲ್ಲ ಅಂತ ಜನ ತಿಳಿದಿದ್ದಾರೆ. ಸುಳ್ಳು. ಭಯ ಪ್ರತಿ ಸಲವೂ ಬರುತ್ತದೆ, ಪ್ರತಿ ಸಲವೂ ಮೈಯಲ್ಲೇ ಮೊದಲು ಬರುತ್ತದೆ. ಹೊರಡುವ ಮುಂಚೆ ಎರಡು ಸಲ ಹೋಗಿ ಬಂದರೂ ಮತ್ತೆ ಮೂತ್ರಕ್ಕೆ ಅವಸರ. ಬಾಯಲ್ಲಿ ಉಗುಳು ಇರುವುದಿಲ್ಲ. ಬೆರಳ ತುದಿ ತಣ್ಣಗೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಆಕಳಿಕೆ. ವಿಮಾನ ಮೇಲೇರುತ್ತಿದ್ದ ಹಾಗೆ ಸಾಲಾಗಿ ಕೂತ ಗಟ್ಟಿ ಆಳುಗಳೆಲ್ಲ ಒಬ್ಬರಾದ ಮೇಲೆ ಒಬ್ಬರು ಆಕಳಿಸಲು ಶುರುಮಾಡುತ್ತಾರೆ. ನಿದ್ದೆಯಿಂದಲ್ಲ. ನಮಗೆ ಕಲಿಸುತ್ತಿದ್ದ ಉಸ್ತಾದರು, "ಭಯ ಬಾಯಿಂದ ಹೊರಗೆ ಹೋಗ್ತಾ ಇದೆ, ಹೋಗಲಿ ಬಿಡಿ" ಅನ್ನುತ್ತಿದ್ದರು. ನೆಲ ಮುಟ್ಟಿದ ಮೇಲೆ ಎಲ್ಲ ತಿರುಗಾಮುರುಗಾ. ಸುಮ್ಮಸುಮ್ಮನೆ ನಗು, ಮೂರು ದಿನ ಉಪವಾಸವಿದ್ದವರ ಹಾಗೆ ಹಸಿವು, ಆಮೇಲೆ ಕೂತಲ್ಲೇ ನಿದ್ದೆ.

ನಾನು ಹೇಳಹೊರಟಿರುವುದು ನಡೆದದ್ದು ಉತ್ತರದ ಕಡೆ, ಜನವರಿ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ. ಮೂವತ್ತಕ್ಕೂ ಹೆಚ್ಚು ಸಲ ಜಿಗಿದಿದ್ದೆ. ಹೊಸಬರಿಗೆ ಹೇಳಿಕೊಡುವಷ್ಟು ಅಭ್ಯಾಸವಾಗಿತ್ತು. ನಮ್ಮ ಪ್ಯಾರಾಚೂಟನ್ನು ನಾವು ಬಿಚ್ಚುವುದಿಲ್ಲ. ವಿಮಾನದೊಳಗಿನ ತಂತಿಗೆ ಸಿಕ್ಕಿಸಿದ ಪಟ್ಟಿಯೇ ಅದನ್ನು ಎಳೆದು ಬಿಚ್ಚುತ್ತದೆ. ಜಿಗಿದವನು ನಾಲ್ಕು ಎಣಿಸಿ ತಲೆಯೆತ್ತಿ ನೋಡಬೇಕು. ಮೇಲೆ ಛತ್ರಿ ಸರಿಯಾಗಿ ಅರಳಿರದಿದ್ದರೆ ಎದೆಯ ಮೇಲೆ ಇನ್ನೊಂದು ಸಣ್ಣ ಪ್ಯಾರಾಚೂಟ್ ಇರುತ್ತದೆ. ಅದರ ಕೆಂಪು ಹಿಡಿಯನ್ನು ಬಲಗೈಯಿಂದ ಕೀಳಬೇಕು. ಸಾವಿರಚಿಲ್ಲರೆ ಅಡಿ ಎತ್ತರದಿಂದ ಜಿಗಿಯುವುದರಿಂದ ಯೋಚಿಸಲು ಪುರಸೊತ್ತಿಲ್ಲ.

ಅವತ್ತು ಎಣಿಸಿ ತಲೆಯೆತ್ತಿದೆ. ಒಂದು ಹಗ್ಗ ಛತ್ರಿಯ ಮೇಲಿಂದ ಅಡ್ಡ ಬಿದ್ದು ಅದನ್ನು ನಡುವೆ ಬಿಗಿದು ಎರಡು ಉಂಡೆ ಮಾಡಿತ್ತು. ನನ್ನ ಭುಜದಿಂದ ಛತ್ರಿಗೆ ಹೋಗುವ ಪಟ್ಟಿಗಳೂ ಹುರಿ ಹೊಸೆದ ಹಾಗೆ ಸುತ್ತಿಕೊಂಡಿದ್ದವು. ನನಗಿಂತ ಮೊದಲು ಜಿಗಿದವರು ನನ್ನ ಪಕ್ಕದಲ್ಲೇ ಮೇಲಕ್ಕೆ ಹೋಗುತ್ತಿರುವಂತೆ ಕಂಡರು. ಅಂದರೆ ನಾನು ಅಷ್ಟು ಜೋರಾಗಿ ಕೆಳಗಿಳಿಯುತ್ತಿದ್ದೆ.

ಬರೀ ಪಟ್ಟಿ ಸುತ್ತಿಕೊಂಡಿದ್ದರೆ ಎರಡೂ ಕೈಯಲ್ಲಿ ಹಿಡಿದು ಅಗಲಿಸಿ, ಕಾಲು ಒದ್ದರೆ ಬಿಡಿಸಿಕೊಳ್ಳುತ್ತದೆ. ಕೈ ತಾನಾಗಿಯೇ ಹೋಗಿ ಪಟ್ಟಿ ಹಿಡಿಯಿತು. ಆದರೆ ಇದು ಅದಲ್ಲ, ಛತ್ರಿಯೇ ಕೆಟ್ಟಿದೆ, ಕೆಂಪು ಹಿಡಿ ಕೀಳಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವಾರವಷ್ಟೇ ಅದನ್ನು ಹೊಸಬರಿಗೆ ಹೇಳಿಕೊಟ್ಟಿದ್ದೆ. ಗೊತ್ತಿದ್ದೂ ಕೈ ಬಿಡಲಿಲ್ಲ. ಬಲಗೈಗೆ ಬಿಡು ಅಂದೆ. ಬಿಡಲಿಲ್ಲ. ನೋವಿಲ್ಲ, ಸೋತಿಲ್ಲ, ಆದರೆ ಅದು ಬೇರೆ ಯಾರದೋ ಕೈಯಾಗಿತ್ತು. ಗಾಳಿಯ ಸದ್ದು ನಿಂತುಹೋಗಿತ್ತು. ಬಾವಿಯ ಒಳಗಿಂದ ಮೇಲೆ ನೋಡಿದರೆ ಎಷ್ಟು ಆಕಾಶ ಕಾಣುತ್ತದೋ ಅಷ್ಟೇ ಜಗತ್ತು ಕಾಣುತ್ತಿತ್ತು. ಅದರಲ್ಲಿ ನನ್ನ ಎರಡು ಮುಷ್ಟಿ, ಎಡಗೈ ಗ್ಲೌಸಿನ ಹೆಬ್ಬೆರಳಲ್ಲಿ ಬಿಟ್ಟುಹೋಗಿದ್ದ ಹೊಲಿಗೆ. ಆ ಹೊಲಿಗೆಯನ್ನು ಬಹಳ ಹೊತ್ತು ನೋಡಿದೆ ಅನ್ನಿಸಿತು. ಕೆಳಗಿದ್ದವರು ಆಮೇಲೆ ಹೇಳಿದ ಪ್ರಕಾರ ಅದೆಲ್ಲ ಐದಾರು ಸೆಕೆಂಡು.

ಆಗ ಎಡಗಿವಿಯ ಹಿಂದಿನಿಂದ ದನಿ ಕೇಳಿಸಿತು.

"ಕೈ ಬುಡ್ಲಾ! ಮೊದ್ಲು ಕೈ ಬುಡು!"

ಗೌರಕ್ಕನ ದನಿ. ಗಾಬರಿಯ ದನಿಯಲ್ಲ. ಅಡುಗೆಮನೆಯಲ್ಲಿ ಕೆಲಸದ ನಡುವೆ ರೇಗಿ ಕೂಗುತ್ತಾಳಲ್ಲ, ಆ ದನಿ. ಬೈಸಿಕೊಂಡ ಹುಡುಗನ ಹಾಗೆ ನನ್ನ ಎರಡೂ ಮುಷ್ಟಿ ಪಟ್ಟನೆ ಬಿಚ್ಚಿಕೊಂಡವು. ಹಿಡಿ ಕಿತ್ತದ್ದು ನನಗೆ ನೆನಪಿಲ್ಲ. ಎದೆಗೆ ಜಗ್ಗಿದ ಪೆಟ್ಟು, ಕಣ್ಣ ಮುಂದೆ ಬೆಳ್ಳಗೆ ಉಬ್ಬಿದ ಬಟ್ಟೆ, ಅದಾದ ಸ್ವಲ್ಪ ಹೊತ್ತಿಗೇ ನೆಲ. ಬಲಗಾಲಿನ ಹರಡು ಉಳುಕಿತ್ತು. ಬೇರೇನೂ ಆಗಿರಲಿಲ್ಲ. ಉಸ್ತಾದರು ಓಡಿ ಬಂದು ಮೊದಲು ಕೆಟ್ಟದಾಗಿ ಬೈದರು, ಆಮೇಲೆ ತಬ್ಬಿಕೊಂಡರು. ನಾನು ಅವರನ್ನು ಕೇಳಿದ ಮೊದಲ ಮಾತು, "ಇಲ್ಲಿ ಕನ್ನಡದವರು ಯಾರಿದ್ದಾರೆ?" ಯಾರೂ ಇರಲಿಲ್ಲ. ಕೆಳಗಿನಿಂದ ಮೈಕಿನಲ್ಲಿ ನನಗೆ ಕೂಗಿದ್ದು ಅವರೊಬ್ಬರೇ, ಹಿಂದಿಯಲ್ಲಿ.

ಆಸ್ಪತ್ರೆಯ ಡಾಕ್ಟರ್ ಮೇಡಂ ನಡುವಯಸ್ಸಿನವರು, ಸಾವಧಾನದ ಹೆಂಗಸು. ನಡೆದದ್ದನ್ನೆಲ್ಲ ಮೊದಲಿನಿಂದ ಕೇಳಿ ಬರೆದುಕೊಂಡರು. ದನಿಯ ವಿಷಯ ಹೇಳಲೋ ಬೇಡವೋ ಅಂತ ಅನುಮಾನಿಸಿ ಕೊನೆಗೆ ಹೇಳಿದೆ. ಅವರು ನಗಲಿಲ್ಲ. ಆ ಮಾತನ್ನು ಎರಡು ಸಲ ಹೇಳಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಅರ್ಥ ಕೇಳಿದರು.

"ಪ್ರಾಣಕ್ಕೆ ಬಂದಾಗ ಹೀಗಾಗುತ್ತದೆ" ಅಂದರು. "ಕಿವಿ ಮುಚ್ಚುತ್ತದೆ, ಕಣ್ಣು ಕಿರಿದಾಗುತ್ತದೆ, ಹಿಡಿದದ್ದನ್ನು ಕೈ ಬಿಡುವುದಿಲ್ಲ. ಏನು ಮಾಡಬೇಕು ಅಂತ ನಿನಗೆ ಗೊತ್ತಿತ್ತು. ನಿನ್ನ ಮಾತನ್ನು ನಿನ್ನ ಕೈ ಕೇಳಲಿಲ್ಲ. ಅದಕ್ಕೆ ಮನಸ್ಸು, ಆ ಕೈ ಯಾರ ಮಾತು ಕೇಳುತ್ತದೋ ಅವರ ದನಿ ತಂದಿತು. ಉಸ್ತಾದ್ ಕೂಗಿದ್ದೂ ಅದರಲ್ಲಿ ಸೇರಿರಬಹುದು. ದನಿ ಅಕ್ಕನದು, ಬುದ್ಧಿ ನಿನ್ನದೇ."

ಮನಸ್ಸಿಗೆ ಹಗುರವಾಯಿತು. ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ ಮೇಲೆ ಇನ್ನೇನು ಬೇಕು? ಅವರು ಇಂಜೆಕ್ಷನ್ ಕೊಡಿಸಿದರು. ಹತ್ತು ಗಂಟೆಗೆ ಮಲಗಿದವನು ಸಂಜೆ ದೀಪ ಹಾಕುವ ಹೊತ್ತಿಗೆ ಎದ್ದೆ.

ಆದರೆ ಮಾರನೆಯ ದಿನದಿಂದ ಬೇರೆಯೇ ತೊಂದರೆ ಶುರುವಾಯಿತು. ಟೀ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ವಿಮಾನದ ಸದ್ದಾದರೆ ಎದ್ದು ಒಳಗೆ ಹೋಗಿ ಕೂರುತ್ತಿದ್ದೆ. ಸಾವಿನ ಭಯವಲ್ಲ ಅದು. ಮುಂದಿನ ಸಲವೂ ಕೈ ನನ್ನ ಮಾತು ಕೇಳದಿದ್ದರೆ ಅನ್ನುವ ಭಯ. ಕಾಲಿನ ನೆಪದಲ್ಲಿ ಒಂದು ತಿಂಗಳ ರಜೆ ಸಿಕ್ಕಿತು. ಊರಿಗೆ ಹೋಗಿ ಬಂದು, ಈ ದಳದಿಂದ ನನ್ನನ್ನು ಬಿಡಿಸಿ ಅಂತ ಅರ್ಜಿ ಕೊಡುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ ರೈಲು ಹತ್ತಿದೆ. ಯಾರಿಗೂ ಹೇಳಲಿಲ್ಲ.

ಅರಸೀಕೆರೆಯಲ್ಲಿ ಇಳಿದು, ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಳೇಬೀಡು ಸೇರಿದೆ. ಭಾವ ಬೈಕ್ ತಂದಿದ್ದರು. ಕುಂಟುತ್ತಿದ್ದದ್ದು ನೋಡಿ ಏನಾಯಿತು ಅಂದರು. ಬಚ್ಚಲಲ್ಲಿ ಜಾರಿದೆ ಅಂದೆ. "ನಿಮ್ ಮನೆತನುಕ್ಕೇ ಜಾರೋ ಗಾಚಾರ ಬಂದೈತೆ. ನಿಮ್ಮಕ್ಕನೂ ಜಾರವ್ಳೆ" ಅಂದು ನಕ್ಕರು.

ಮನೆಯಲ್ಲಿ ನೋಡಿದರೆ ಗೌರಕ್ಕನ ಬಲಗೈಗೆ ಬಟ್ಟೆ ಸುತ್ತಿತ್ತು, ಅರಿಶಿನದ ಕಲೆ ಕಾಣುತ್ತಿತ್ತು. ಮುದ್ದೆ ತಿರುವಿದವರು ಅವತ್ತು ಭಾವ. ಗಂಟುಗಂಟಾಗಿತ್ತು. ಅವರೆಕಾಳಿನ ಸಾರು ಮಾತ್ರ ಅಕ್ಕ ಎಡಗೈಯಲ್ಲೇ ಮಾಡಿದ್ದಳು. ಮೂವರೂ ಉಣ್ಣಲು ಕೂತಾಗ ಕೈಗೇನಾಯಿತು ಅಂತ ಕೇಳಿದೆ.

"ಕರುನ ಅಗ್ಗ ಕುಯ್ದುಬುಡ್ತು" ಅಂದಳು. ಎಡಗೈಯಲ್ಲೇ ನನ್ನ ತಟ್ಟೆಗೆ ಸಾರು ಬಿಟ್ಟು, "ಏಳಿದ್ರೆ ನೀನು ನಗ್ತೀಯ ಅಂತ ಫೋನಲ್ಲಿ ಏಳ್ಲಿಲ್ಲ" ಅಂದಳು.

ಮನೆಯ ಹಿಂದಿನ ತೆಂಗಿನ ತೋಟದ ಕೆಳಗೆ ಭಾವ ಒಂದು ಕೃಷಿ ಹೊಂಡ ತೋಡಿಸಿದ್ದರು. ನೀರು ಇಂಗದಿರಲೆಂದು ತಳಕ್ಕೂ ಇಳಿಜಾರಿಗೂ ಕರಿ ಪ್ಲಾಸ್ಟಿಕ್ ಹಾಸಿರುತ್ತಾರೆ. ಪಾಚಿ ಕಟ್ಟಿದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಒಂದು ಮಧ್ಯಾಹ್ನ, ಭಾವ ಬೇಲೂರಿಗೆ ಹೋಗಿದ್ದಾಗ, ಕರು ಅದರೊಳಗೆ ಬಿದ್ದಿದೆ. ಅದರ ಕೊರಳ ಹಗ್ಗ ಕೈಗೆ ಸಿಕ್ಕಿತಲ್ಲ ಅಂತ ಅಕ್ಕ ಅದನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಎಳೆಯಲು ಹೋಗಿ ತಾನೂ ಜಾರಿದ್ದಾಳೆ. ಕರು ಗಾಬರಿಯಲ್ಲಿ ನಡುಮಧ್ಯಕ್ಕೆ ಎಳೆದಿದೆ. ಅವಳಿಗೆ ಈಜು ಬರುವುದಿಲ್ಲ.

"ಬುಟ್ರೆ ಕರ ಸಾಯ್ತದೆ ಅಂತ ಮೊದ್ಲು ಬುಡ್ಲಿಲ್ಲ ಕಣ್ಲಾ" ಅಂದಳು. "ಎಲ್ಡ್ ಗುಟುಕು ನೀರು ಕುಡುದ್ ಮ್ಯಾಲೆ ಬುಡ್ಬೇಕು ಅಂದ್ರೂ ಕೈ ಬುಡ್ಲಿಲ್ಲ. ನನ್ ಕೈಯೇ ಅಲ್ಲ ಅನ್ನಂಗಾಯ್ತು. ಆಗ ನೀನು ಕೂಗ್ದೆ."

"ನಾನಾ?"

"ನೀನೇ. ದಡದ್ ಮ್ಯಾಲಿಂದ. 'ಕೈ ಬುಡಕ್ಕ, ಮೊದ್ಲು ಕೈ ಬುಡು' ಅಂತ. ನನ್ ಮ್ಯಾಲೇ ರೇಗ್ಕಂಡು ಕೂಗ್ದೆ."

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಕ್ಕ ಅದನ್ನು ಗಮನಿಸದೆ ಹೇಳುತ್ತಲೇ ಇದ್ದಳು. ಆ ಕೂಗಿಗೆ ಕೈ ಬಿಚ್ಚಿಕೊಂಡಿತಂತೆ. ನಾನು ಎಲ್ಲಿದ್ದೇನೆಂದು ತಿರುಗಿದಾಗ, ಇಂಥದ್ದಕ್ಕೇ ಅಂತ ಭಾವ ದಡದಿಂದ ಇಳಿಬಿಟ್ಟಿದ್ದ ಹಳೇ ಟೈರು ಕೈಗೆ ಸಿಕ್ಕಿತಂತೆ. ಹತ್ತಿ ಬಂದವಳು ನನ್ನನ್ನು ಹುಡುಕಿದ್ದಾಳೆ. ತೆಂಗಿನ ಮರಗಳ ಹಿಂದೆಲ್ಲ ನೋಡಿದ್ದಾಳೆ. "ಏಳ್ದೆ ಕೇಳ್ದೆ ರಜಕ್ ಬಂದು ಆಟ ಆಡ್ತಾವ್ನೆ ಕಳ್ಳ ಅಂತ ಬೈಕಂಡೆ. ಯಾರೂ ಇರ್ಲಿಲ್ಲ." ಅವಳ ಭಾರ ತಪ್ಪಿದ ಮೇಲೆ ಕರು ಈಜಿಕೊಂಡು ಹೂಳು ತುಂಬಿದ್ದ ಮೂಲೆಗೆ ಹೋಗಿ ನಿಂತಿತ್ತು. ಪಕ್ಕದ ಹೊಲದವರು ಬಂದು ಎಳೆದು ಹಾಕಿದರು.

"ಯಾವತ್ತು?" ಅಂತ ಕೇಳಿದೆ. ಅವಳು ನೆನಪು ಮಾಡಿಕೊಂಡು ಹೇಳಿದಳು. ಅದೇ ಶುಕ್ರವಾರ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆ ಹೊತ್ತಿನ ತನಕ ನನ್ನ ಕಥೆಯನ್ನು ಡಾಕ್ಟರ್ ಮೇಡಂ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನಾನು ಜಿಗಿಯುವವನು ಅಂತಲೇ ಅಕ್ಕನಿಗೆ ಗೊತ್ತಿರಲಿಲ್ಲ. ನಾನು ಮೊದಲು ಹೇಳಿ, ಅವಳು ಅದಕ್ಕೆ ಹೊಂದಿಸಿ ಹೇಳಿದ್ದರೆ ನಾನೇ ನಗುತ್ತಿದ್ದೆ. ಮೊದಲು ಹೇಳಿದವಳು ಅವಳು.

ಇನ್ನು ಮುಚ್ಚಿಡಲು ಆಗಲಿಲ್ಲ. ಎಲ್ಲ ಹೇಳಿದೆ. ದಳ, ವಿಮಾನ, ಕೆಟ್ಟ ಛತ್ರಿ, ಬಿಡದ ಕೈ, ಅವಳ ದನಿ. ಅವಳಿಗೆ ಮೊದಲು ಕೇಳಿಸಿದ್ದು ವಿಮಾನ ಒಂದೇ.

"ಇಮಾನದಿಂದ ಎಗರ್ತೀಯಾ? ಸ್ಟೋರು ಅಂದಿದ್ಯಲ್ಲೋ, ಕಂಬ್ಳಿ ಅಂದಿದ್ಯಲ್ಲೋ, ಬಡ್ಡೀಮಗನೆ!" ಅಂತ ಪೆಟ್ಟಾದ ಕೈಯಿಂದಲೇ ಬೆನ್ನಿಗೆ ಗುದ್ದಿದಳು. ಗುದ್ದಿದ ನೋವಿಗೆ ಅವಳೇ ಅಯ್ಯೋ ಅಂದಳು. ಆಮೇಲೆ ಅತ್ತಳು, ಅಳುತ್ತಲೇ ನಕ್ಕಳು. ನನಗೂ ನಗು ಬಂತು. ನೆಲ ಮುಟ್ಟಿದ ಮೇಲೆ ಬರಬೇಕಾಗಿದ್ದ ಆ ಹುಚ್ಚು ನಗು ನನಗೆ ಅವತ್ತು ಬಂದಿರಲಿಲ್ಲ. ಮೂರು ವಾರ ತಡವಾಗಿ, ಎಂಜಲು ಕೈಯಲ್ಲಿ, ಹುಲಿಕೆರೆಯಲ್ಲಿ ಬಂತು. ಭಾವ ಇಬ್ಬರನ್ನೂ ನೋಡಿ, "ಇಬ್ರೂ ಬದುಕಿದೀರಲ್ಲ, ಮುದ್ದೆ ತಣ್ಗಾಯ್ತದೆ ಉಣ್ರಪ್ಪ" ಅಂದರು.

ಆಮೇಲೆ ಕೂತು ಹೊತ್ತು ಹೊಂದಿಸಿ ನೋಡಿದೆವು. ಹೊಂದಲಿಲ್ಲ. ನಾನು ಜಿಗಿದದ್ದು ಬೆಳಿಗ್ಗೆ ಏಳಕ್ಕೆ ಸ್ವಲ್ಪ ಮುಂಚೆ. ಆಗ ಅಕ್ಕ ಹಾಲು ಕರೆಯುತ್ತಿದ್ದಳು, ಯಾರನ್ನೂ ಕೂಗಿದ್ದಿಲ್ಲ. ಅವಳು ಹೊಂಡಕ್ಕೆ ಬಿದ್ದದ್ದು ಊಟವಾದ ಮೇಲೆ, ಎರಡು ಗಂಟೆ ಸುಮಾರಿಗೆ. ಆಗ ನಾನು ಇಂಜೆಕ್ಷನ್ ನಿದ್ದೆಯಲ್ಲಿದ್ದೆ. ಒಂದೇ ಗಳಿಗೆಯಲ್ಲಿ ಆಗಿದ್ದರೆ ಕೇಳಿದವರು ಹೇಗೋ ನಂಬುತ್ತಾರೆ. ಏಳು ಗಂಟೆ ಅಂತರವಿದ್ದರೆ ಅದನ್ನು ಏನಂತ ಕರೆಯುವುದು?

ಡಾಕ್ಟರ್ ಹೇಳಿದ್ದನ್ನು ಅಕ್ಕನಿಗೂ ಹೇಳಿದೆ. ಮನಸ್ಸು ಬೇರೆಯವರ ದನಿಯಲ್ಲಿ ಮಾತಾಡುತ್ತದಂತೆ ಅಂದೆ. "ಇರ್ಬೋದು" ಅಂದಳು. "ಆದ್ರೆ ನನ್ ಮನ್ಸು ನಿನ್ ದನೀಲಿ ಯಾಕ್ ಮಾತಾಡ್ಬೇಕು? ನಿಮ್ ಭಾವನ್ ದನಿ ಇರ್ಲಿಲ್ವಾ?" ಚಿಕ್ಕಂದಿನಲ್ಲಿ ನನಗೆ ಯಾವತ್ತಾದರೂ ಹಾಗೆ ಕೂಗಿದ್ದೆಯಾ ಅಂತ ಕೇಳಿದೆ. "ಸಾವ್ರ ಸಲ ಕೂಗಿರ್ತೀನಿ. ಯಾವ್ದು ಅಂತ ನೆನಪಿಟ್ಕಳ್ಳಾನ?" ಅಂದಳು. ಹಾಗಾದರೆ ನನಗೆ ಅವಳ ದನಿ ಕೇಳಿಸಿದ್ದಕ್ಕೆ ಅಷ್ಟೋ ಇಷ್ಟೋ ಅರ್ಥವಿದೆ. ಆದರೆ ನಾನು ಅವಳಿಗೆ ಯಾವತ್ತೂ ರೇಗಿ ಕೂಗಿದವನಲ್ಲ. ಅವಳಿಗೆ ನನ್ನ ಆ ದನಿ ಎಲ್ಲಿಂದ ಬಂತು?

ಆ ದಿನ ಮಲಗಿದವನಿಗೆ ಬೆಳಿಗ್ಗೆ ಬಿಸಿಲು ಮುಖಕ್ಕೆ ಬಿದ್ದಾಗಲೇ ಎಚ್ಚರ. ಅಷ್ಟು ದಿನದಲ್ಲಿ ಅಂಥ ನಿದ್ದೆ ಮಾಡಿರಲಿಲ್ಲ. ಅಕ್ಕ ಟೀ ತಂದುಕೊಟ್ಟಳು. ಲೋಟ ಹಿಡಿದೆ, ಅರ್ಧ ಕುಡಿದ ಮೇಲೆ ಗೊತ್ತಾಯಿತು, ಕೈ ನಡುಗುತ್ತಿಲ್ಲ. ದಳ ಬಿಡುವ ಯೋಚನೆಯನ್ನು ಆಗ ಅವಳ ಮುಂದೆ ತೆಗೆದೆ. ಬಿಟ್ಟುಬಿಡು ಅನ್ನುತ್ತಾಳೆ, ಅವಳ ಮಾತಿಗೆ ಬಿಟ್ಟೆ ಅಂತ ಹೇಳಿಕೊಳ್ಳಬಹುದು ಅಂತ ನನ್ನ ಆಸೆ.

ಅವಳು ಹಾಗೆ ಅನ್ನಲಿಲ್ಲ. "ಬುಡೋದು ಬುಡ್ದೇ ಇರೋದು ನಿನ್ನಿಷ್ಟ. ಎಗರೋದಾದ್ರೆ ಏಳ್ಬುಟ್ಟು ಎಗರು. ಸುಳ್ಳು ಏಳ್ಬೇಡ. ಯಾವತ್ತು ಎಗರ್ತೀಯ ಅಂತ ನಂಗೆ ಗೊತ್ತಿರ್ಬೇಕು" ಅಂದಳು. ಆ ವಾರವೇ ಭಾವನ ಜೊತೆ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿ ಕೈಮುಗಿದು ಬಂದಳು. ಕಾಲು ನೋವಿದ್ದ ನಾನು ಕೆಳಗೆ ಅವರಿಬ್ಬರ ಚಪ್ಪಲಿ ಕಾಯುತ್ತ ಕೂತಿದ್ದೆ.

ರಜೆ ಮುಗಿಸಿ ಹೋದವನು ಮೊದಲು ಡಾಕ್ಟರ್ ಮೇಡಂ ಹತ್ತಿರ ಹೋದೆ. ಅಕ್ಕನ ಕಥೆ ಕೇಳಿ ಅವರು ಪುಸ್ತಕ ತೆಗೆದು ಹಳೆಯ ಹಾಳೆ ನೋಡಿದರು. ನಾನು ಹೇಳಿದ ಮಾತು ಅವರ ಅಕ್ಷರದಲ್ಲೇ ಇತ್ತು, ದಿನ ಮತ್ತು ಹೊತ್ತಿನ ಸಮೇತ. ನಾನು ಮಲಗಿದ್ದ ವಾರ್ಡಿನಲ್ಲಿ ಅವತ್ತು ಇದ್ದ ಸಹಾಯಕನನ್ನು ಕರೆಸಿ, ಮಧ್ಯಾಹ್ನ ಇವನು ನಿದ್ದೆಯಲ್ಲಿ ಏನಾದರೂ ಕೂಗಿದ್ದನಾ ಅಂತ ಕೇಳಿದರು. ಅವನು ತಲೆ ಕೆರೆದುಕೊಂಡು, "ಇಲ್ಲಿ ಮಲಗಿದವರೆಲ್ಲ ನಿದ್ದೆಯಲ್ಲಿ ಕೂಗುತ್ತಾರೆ ಮೇಡಂ. ಯಾರು ಏನು ಕೂಗಿದರು ಅಂತ ಹೇಗೆ ಹೇಳಲಿ?" ಅಂದ.

ಅವನು ಹೋದ ಮೇಲೆ ಮೇಡಂ ಪುಸ್ತಕ ಮುಚ್ಚಿದರು. "ನಿನ್ನದೊಂದನ್ನೇ ಕೇಳಿದರೆ ಹೇಳಬಲ್ಲೆ. ನಿನ್ನ ಅಕ್ಕನದೊಂದನ್ನೇ ಕೇಳಿದರೂ ಹೇಳಬಲ್ಲೆ. ಎರಡನ್ನೂ ಒಟ್ಟಿಗೆ ತಂದರೆ ನನ್ನ ಹತ್ತಿರ ಉತ್ತರವಿಲ್ಲ" ಅಂದರು. ಆಮೇಲೆ ನನ್ನ ಕೈ ಹಿಡಿದು, ಬೆರಳು ಮಡಿಸಿ ಬಿಡಿಸಿ ನೋಡಿ, "ಜಿಗಿಯುತ್ತೀಯಾ?" ಅಂತ ಕೇಳಿದರು. ಜಿಗಿಯುತ್ತೇನೆ ಅಂದೆ.

ಜಿಗಿಯುವ ಹಿಂದಿನ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಊಂ" ಅಂದಳು, ಅಷ್ಟೇ. ವಿಮಾನದಲ್ಲಿ ಎಲ್ಲರಿಗಿಂತ ಹೆಚ್ಚು ಆಕಳಿಸಿದವನು ನಾನು. ಬಾಗಿಲ ಹತ್ತಿರ ಬಂದಾಗ ಯಾವ ದನಿಯೂ ಕೇಳಿಸಲಿಲ್ಲ. ಗಾಳಿ ಮಾತ್ರ ಕೇಳಿಸಿತು, ಪೂರ್ತಿಯಾಗಿ. ಎಣಿಸಿ ತಲೆಯೆತ್ತಿದೆ. ಛತ್ರಿ ದುಂಡಗೆ ಅರಳಿ ನಿಂತಿತ್ತು. ಕೆಳಗೆ ಬಂದು ಬಿದ್ದವನು ಮಣ್ಣಿನಲ್ಲಿ ಹೊರಳಾಡಿ ನಕ್ಕೆ. ಇವನಿಗೆ ತಲೆ ಕೆಟ್ಟಿತು ಅಂತ ಉಸ್ತಾದರು ಅಂದುಕೊಂಡರೋ ಏನೋ. ಅವತ್ತು ಊಟದಲ್ಲಿ ನಾನು ಎಷ್ಟು ರೊಟ್ಟಿ ತಿಂದೆ ಅಂತ ಲಂಗರು ಅನ್ನುವ ನಮ್ಮ ಊಟದ ಮನೆಯಲ್ಲಿ ಬಹಳ ದಿನ ಮಾತಾಡಿಕೊಳ್ಳುತ್ತಿದ್ದರು.

ಆಮೇಲೆ ಇನ್ನೂ ಎಷ್ಟೋ ಸಲ ಜಿಗಿದೆ. ಪ್ರತಿ ಸಲವೂ ಮುಂಚೆ ಫೋನ್ ಮಾಡಿದೆ. ಆ ದನಿ ಮತ್ತೆ ಬರಲಿಲ್ಲ. ಅಕ್ಕನಿಗೂ ಬಂದಿಲ್ಲ. ಈಗ ನಿವೃತ್ತನಾಗಿ ಅರಸೀಕೆರೆಯಲ್ಲಿ ಮನೆ ಮಾಡಿದ್ದೇನೆ. ನಂಬದವನ ಸ್ವಭಾವ ಪೂರ್ತಿ ಹೋಗಿಲ್ಲ. ಯಾರಾದರೂ ಕಣಿ, ಶಕುನ ಅಂದರೆ ಬಾಯಿ ತುದಿಗೆ ನಗು ಬರುತ್ತದೆ. ಆದರೆ ಜೋರಾಗಿ ನಗುವುದನ್ನು ಬಿಟ್ಟಿದ್ದೇನೆ. ಮೊದಮೊದಲು ಅಕ್ಕ, ದೇವರು ಕೂಗಿಸಿದ ಅನ್ನುತ್ತಿದ್ದಳು. ಒಂದು ವರ್ಷ, ಅಮ್ಮ ಇರಬೇಕು ಅಂದಳು. ನಾನೂ ಒಂದೊಂದು ಸಲ ಒಂದೊಂದು ಹೇಳಿದ್ದೇನೆ. ಮೊನ್ನೆ ಹುಲಿಕೆರೆಗೆ ಹೋದಾಗ ಮಾತು ಮತ್ತೆ ಅಲ್ಲಿಗೇ ಬಂತು.

"ಯಾರಕ್ಕ ಅದು?" ಅಂತ ಕೇಳಿದೆ.

"ನಂಗೊತ್ತಿಲ್ಲ ಕಣ್ಲಾ" ಅಂದಳು. "ನಿಂಗೊತ್ತಾ?"

ನನಗೂ ಗೊತ್ತಿಲ್ಲ ಅಂದೆ. ಆಮೇಲೆ ಅವಳು, "ಯಾರಾದ್ರೇನ್ಲಾ, ಒಟ್ನಲ್ಲಿ ಕೂಗುದ್ರಲ್ಲ" ಅಂದು ಎದ್ದು ಒಳಗೆ ಹೋದಳು.